ಮಹಾಪೂರಕ್ಕೆ ನಿಜವಾದ ಕಾರಣ ಹುಡುಕಿದ ಮಹಾಲನೋಬಿಸ್

ಶಿರೋಳ: ಪುನರ್ವಸು, ಪುಷ್ಯ ಮಳೆ ಹಿಡಿದು ಪಂಚಗಂಗೆ ದಡ ಬಿಟ್ಟು ಕಬ್ಬಿನ ಹೊಲಕ್ಕೆ ನುಗ್ಗಿದಳೆಂದರೆ ನಮ್ಮ ತಾಲೂಕಿನ ಚಹಾ ಅಂಗಡಿಗಳಲ್ಲಿ ಒಂದೇ ಪ್ರಶ್ನೆ. ಆಲಮಟ್ಟಿಯಲ್ಲಿ ನೀರು ಎಷ್ಟು ನಿಲ್ಲಿಸಿದ್ದಾರೆ? ಗಡಿ ದಾಟಿ ಚಿಕ್ಕೋಡಿ, ಅಥಣಿ ಕಡೆ ಹೋದರೆ ಪ್ರಶ್ನೆ ಬೇರೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬಂಧಾರದಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ? ಎರಡೂ ಕಡೆ ಬೀಗರಿರುವ ನಮಗೆ ಎರಡೂ ಮಾತು ಕೇಳಿ ರೂಢಿ. ಇಲ್ಲಿಯವರು ಕೆಳಗಿನ ಅಣೆಕಟ್ಟಿಗೆ ಬೊಟ್ಟು ಮಾಡುತ್ತಾರೆ, ಅಲ್ಲಿಯವರು ಮೇಲಿನ ಅಣೆಕಟ್ಟಿಗೆ.

ಮಹಾಪೂರ ಬಂದಾಗ ಕಣ್ಣಿಗೆ ಮೊದಲು ಬಿದ್ದದ್ದನ್ನೇ ಕಾರಣ ಎನ್ನಬೇಕೇ, ಲೆಕ್ಕ ಹಾಕಿ ನೋಡಬೇಕೇ? ಸುಮಾರು ನೂರು ವರ್ಷಗಳ ಹಿಂದೆ ಬಂಗಾಳ ಮತ್ತು ಒಡಿಶಾದಲ್ಲಿ ಲೆಕ್ಕ ಹಾಕಿ ನೋಡಿದವರು ಪ್ರಶಾಂತಚಂದ್ರ ಮಹಾಲನೋಬಿಸ್. ಭಾರತದ ಸಂಖ್ಯಾಶಾಸ್ತ್ರದ ಪಿತಾಮಹ ಎಂದು ಹೆಸರಾದ ಅವರ ಜೀವನವನ್ನು ನಾವು ಗಡಿ ಭಾಗದವರು ಒಮ್ಮೆ ಓದಬೇಕು.

ಹಡಗಿನಲ್ಲಿ ಓದಿದ ಪುಸ್ತಕ

ಮಹಾಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು ಕಲ್ಕತ್ತೆಯಲ್ಲಿ, ಬ್ರಹ್ಮಸಮಾಜದ ಮನೆತನದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1912ರಲ್ಲಿ ಬಿ.ಎಸ್ಸಿ. ಪದವಿ ಪಡೆದರು. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ 1915ರಲ್ಲಿ ಅಲ್ಲಿನ ಪರೀಕ್ಷೆ ಮುಗಿಸಿದರು. ಆಗ ಮೊದಲನೆಯ ಮಹಾಯುದ್ಧ ನಡೆದಿತ್ತು, ಊರಿಗೆ ಮರಳುವ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಬಯೊಮೆಟ್ರಿಕಾ ಎಂಬ ಪತ್ರಿಕೆಯ ಸಂಪುಟಗಳು ಅವರ ಕಣ್ಣಿಗೆ ಬಿದ್ದವು. ಪೂರ್ತಿ ಸೆಟ್ ಕೊಂಡು ಹಡಗಿನಲ್ಲೇ ಓದುತ್ತ ಬಂದರು.

ಕಾರ್ಲ್ ಪಿಯರ್ಸನ್ ಮೊದಲಾದವರು ಆರಂಭಿಸಿದ್ದ ಆ ಪತ್ರಿಕೆಯಲ್ಲಿ ಸಹಸಂಬಂಧದ ಲೆಕ್ಕಗಳಿದ್ದವು. ಎರಡು ಸಂಗತಿಗಳು ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂದು ಅಂಕಿಯಲ್ಲಿ ಹೇಳುವ ವಿಧಾನ ಅದು. ಆದರೆ ಜೊತೆಯಾಗಿ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ಅನ್ನುತ್ತಿದ್ದರು. ಮರಾಠಿಯಲ್ಲೂ ಇದೇ ಕಾವಳಾ, ಇದೇ ಫಾಂದಿ. ಎರಡು ಭಾಷೆಯವರಿಗೂ ಗೊತ್ತಿದ್ದ ಈ ಎಚ್ಚರವನ್ನು ಮಹಾಲನೋಬಿಸ್ ಸರ್ಕಾರಿ ಕಡತಗಳ ಮೇಲೆ ಪ್ರಯೋಗಿಸಿದರು.

ಎರಡು ಮಹಾಪೂರಗಳು

1922ರಲ್ಲಿ ಉತ್ತರ ಬಂಗಾಳದಲ್ಲಿ ದೊಡ್ಡ ಮಹಾಪೂರ ಬಂತು. ನೀರು ತಡೆದು ನಿಲ್ಲಿಸಲು ದೊಡ್ಡ ದೊಡ್ಡ ಜಲಾಶಯಗಳನ್ನು ಕಟ್ಟಬೇಕೆಂದು ಎಂಜಿನಿಯರುಗಳ ಸಮಿತಿ ಯೋಚಿಸುತ್ತಿತ್ತು. ಖರ್ಚು ಭಾರಿ. ಲೆಕ್ಕ ನೋಡುವ ಕೆಲಸ ಮಹಾಲನೋಬಿಸ್ ಅವರಿಗೆ ಬಂತು. 1870ರಿಂದ 1922ರವರೆಗಿನ ಮಳೆ ಮತ್ತು ಪ್ರವಾಹದ ದಾಖಲೆಗಳನ್ನು ಅವರು ಹೋಲಿಸಿ ನೋಡಿದರು. ಅಂಥ ಜಲಾಶಯಗಳಿಂದ ಪ್ರಯೋಜನವಿಲ್ಲ, ಬಂದ ನೀರು ಬೇಗ ಹರಿದುಹೋಗಲು ದಾರಿ ಮಾಡಬೇಕು ಎಂಬುದು ಅವರಿಗೆ ಸಿಕ್ಕ ಉತ್ತರ.

1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿತು. ನದಿಯ ತಳ ಹೂಳಿನಿಂದ ಮೇಲೆ ಬಂದಿದೆ, ಆದ್ದರಿಂದ ದಡದ ಒಡ್ಡುಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಹೇಳಿದರು. ಕೇಳಿದವರಿಗೆ ಸರಿ ಎನಿಸುವ ಮಾತು. ಮಹಾಲನೋಬಿಸ್ ಸುಮಾರು 60 ವರ್ಷಗಳ ಅಂಕಿಅಂಶ ತೆಗೆದರು. ತಳ ಏರಿದ್ದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಮೇಲಿನ ಜಲಾನಯನ ಪ್ರದೇಶದಲ್ಲಿ ಬಿದ್ದ ವಿಪರೀತ ಮಳೆಯೇ ಕಾರಣ ಎಂದು ಲೆಕ್ಕ ತೋರಿಸಿತು. ಒಡ್ಡು ಎತ್ತರಿಸುವ ಬದಲು ನದಿಯ ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಬೇಕೆಂದು ಅವರು ಸೂಚಿಸಿದರು. ಮಹಾನದಿಯ ಹಿರಾಕುಡ್ ಯೋಜನೆಗೆ ಮುಂದೆ ಈ ಅಧ್ಯಯನವೂ ಆಧಾರವಾಯಿತು.

ಗಮನಿಸಿ, ಒಂದು ಕಡೆ ನೀರು ತಡೆಯುವುದು ಬೇಡ ಎಂದ ಅದೇ ವ್ಯಕ್ತಿ ಇನ್ನೊಂದು ಕಡೆ ಅಣೆಕಟ್ಟು ಬೇಕು ಎಂದರು. ಪ್ರತಿ ನದಿಗೂ ಅದರದೇ ಲೆಕ್ಕ. ಕಾರಣ ತಪ್ಪಿ ಹಿಡಿದರೆ ಹಣವೂ ಹೋಗುತ್ತದೆ, ಮುಂದಿನ ಸಲ ಮನೆಯೂ ಮುಳುಗುತ್ತದೆ.

ಬರಗಾಲದ ಮನೆಗಳಲ್ಲಿ

1931ರಲ್ಲಿ ಕಲ್ಕತ್ತೆಯಲ್ಲಿ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸ್ಥಾಪಿಸಿದರು. ಮೊದಲ ವರ್ಷದ ಖರ್ಚು ಬರೀ 238 ರೂಪಾಯಿ. ನಮ್ಮ ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಿ.ಆರ್. ರಾವ್ 1941ರಲ್ಲಿ ಅಲ್ಲಿಗೆ ಸೇರಿ ಜಗತ್ಪ್ರಸಿದ್ಧರಾದರು. ಅವರು ತೀರಿಕೊಂಡದ್ದು 2023ರಲ್ಲಿ.

1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು. ಬರಗಾಲ ಬಂತು, ಜನ ನಿರ್ಗತಿಕರಾದರು ಎಂದು ಎಲ್ಲರೂ ಹೇಳುತ್ತಿದ್ದರು. ಮಹಾಲನೋಬಿಸ್ ಮತ್ತು ಸಂಗಡಿಗರು 15 ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಮಾದರಿಯಾಗಿ ಆರಿಸಿ ವಿಚಾರಿಸಿದರು. 1939ರ ಜನವರಿ, 1943ರ ಜನವರಿ, 1944ರ ಮೇ ತಿಂಗಳು, ಈ ಮೂರು ಹೊತ್ತಿನಲ್ಲಿ ಮನೆಯ ಸ್ಥಿತಿ ಹೇಗಿತ್ತು ಎಂದು ಕೇಳಿದರು.

ಬರಗಾಲದ ನಂತರದ ಸ್ಥಿತಿ ಮಾತ್ರ ಕೇಳಿದ್ದರೆ ಎಲ್ಲ ತಪ್ಪನ್ನೂ ಬರಗಾಲದ ಮೇಲೆ ಹಾಕಬಹುದಿತ್ತು. ಹಿಂದಿನದನ್ನೂ ಕೇಳಿದ್ದರಿಂದ ಬೇರೆ ಸಂಗತಿ ಹೊರಬಂತು. ಕೂಲಿಕಾರರು, ಮೀನುಗಾರರು, ಹಳ್ಳಿಯ ಕಸುಬುದಾರರು ಬರಗಾಲಕ್ಕೆ ಮೊದಲೇ ಕೆಳಗಿಳಿಯುತ್ತಿದ್ದರು. ಬರಗಾಲ ಆ ಇಳಿತಕ್ಕೆ ವೇಗ ಕೊಟ್ಟಿತ್ತು. ಅಂದ ಮೇಲೆ ಗಂಜಿ ಕೇಂದ್ರ ತೆರೆದರೆ ಸಾಲದು, ಕೈತಪ್ಪಿದ ದುಡಿಮೆಯನ್ನೂ ಮರಳಿ ಕೊಡಬೇಕು.

1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹಿಂದೆ ಅವರೇ ಇದ್ದರು. 1956ರ ಎರಡನೇ ಪಂಚವಾರ್ಷಿಕ ಯೋಜನೆಗೂ ಅವರದೇ ಲೆಕ್ಕಾಚಾರ. ಭಾರಿ ಕೈಗಾರಿಕೆಗೆ ಒತ್ತು ಕೊಟ್ಟು ಕೃಷಿಯನ್ನು ಹಿಂದೆ ಹಾಕಿದರೆಂಬ ಟೀಕೆಯನ್ನೂ ಅವರು ಎದುರಿಸಿದರು. 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು, 79ನೇ ಹುಟ್ಟುಹಬ್ಬಕ್ಕೆ ಒಂದೇ ದಿನ ಇರುವಾಗ ತೀರಿಕೊಂಡರು. 2007ರಿಂದ ಅವರ ಜನ್ಮದಿನವನ್ನು ಸಾಂಖ್ಯಿಕ ದಿನವಾಗಿ ಆಚರಿಸಲಾಗುತ್ತಿದೆ.

ನಮ್ಮ ಹೊಳೆಯ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ಆಲಮಟ್ಟಿ ಅಣೆಕಟ್ಟು ಪೂರ್ಣಗೊಂಡದ್ದು 2005ರಲ್ಲಿ, ಇಲ್ಲಿ ಮಹಾಪೂರ ಬಂದದ್ದೂ 2005ರಲ್ಲಿ. ಆ ನೆನಪು ಇನ್ನೂ ಹಸಿಯಾಗಿರುವಾಗಲೇ 2019 ಮತ್ತು 2021ರ ಮಹಾಪೂರಗಳು ಬಂದವು. ಜನ ಎರಡನ್ನೂ ಗಂಟು ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಲಮಟ್ಟಿ ಕಟ್ಟಿ ಮುಗಿಯುವ ಮುನ್ನ, 1989ರಲ್ಲೂ ಕೊಲ್ಹಾಪುರಕ್ಕೆ ಮಹಾಪೂರ ಬಂದಿತ್ತು. ಇನ್ನೊಂದು ಮಾತು. ಸಹ್ಯಾದ್ರಿಯ ಮೇಲೆ ಸುರಿದ ಒಂದೇ ಮಳೆ ನರಸೋಬಾವಾಡಿಯ ದತ್ತ ಮಂದಿರಕ್ಕೂ ನುಗ್ಗುತ್ತದೆ, ಹರಿದುಹೋಗಿ ಆಲಮಟ್ಟಿಯನ್ನೂ ತುಂಬುತ್ತದೆ. ಹಾಗಾಗಿ ಒಂದು ಇನ್ನೊಂದಕ್ಕೆ ಕಾರಣವಾಗದಿದ್ದರೂ ಎರಡೂ ಒಟ್ಟಿಗೇ ತುಂಬಿ ಕಾಣುತ್ತವೆ. 2019ರ ಮಹಾಪೂರದ ಬಗ್ಗೆ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡನೇರೆ ಸಮಿತಿ ಆಲಮಟ್ಟಿಯನ್ನು ಕಾರಣ ಎನ್ನಲಿಲ್ಲ. ಇದನ್ನು ಒಪ್ಪದವರು ಇಲ್ಲಿ ಬಹಳ ಇದ್ದಾರೆ. ಅಣೆಕಟ್ಟಿನ ಎತ್ತರ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಬಂದಾಗಲೆಲ್ಲ ವಾದ ಮತ್ತೆ ಕಾವೇರುತ್ತದೆ.

ವಾದ ತಪ್ಪಲ್ಲ. ಆದರೆ ಮಹಾಲನೋಬಿಸ್ ಇದ್ದಿದ್ದರೆ ಮೊದಲು ದಾಖಲೆ ಪುಸ್ತಕಗಳನ್ನು ಕೇಳುತ್ತಿದ್ದರು. ಘಟ್ಟದಲ್ಲಿ ದಿನಕ್ಕೆ ಎಷ್ಟು ಮಳೆ, ಕೊಯ್ನಾದಿಂದ ಎಷ್ಟು ನೀರು, ರಾಜಾಪುರದಲ್ಲಿ ಎಷ್ಟು ಮಟ್ಟ, ಅದೇ ದಿನ ಆಲಮಟ್ಟಿಯಲ್ಲಿ ಎಷ್ಟು? ಆಲಮಟ್ಟಿ ಖಾಲಿ ಇದ್ದಾಗಲೂ ಇಲ್ಲಿ ನೀರು ಏರಿದ್ದುಂಟೇ? ತುಂಬಿದ್ದಾಗಲೂ ಏರದೆ ಇದ್ದದ್ದುಂಟೇ? ಮಳೆ ಸಮನಾಗಿದ್ದ ಎರಡು ವರ್ಷಗಳಲ್ಲಿ ನೀರು ಇಳಿಯಲು ಎಷ್ಟೆಷ್ಟು ದಿನ ಹಿಡಿಯಿತು? ಸೇತುವೆ, ರಸ್ತೆಯ ಒಡ್ಡು, ನದಿ ಪಾತ್ರದ ಒತ್ತುವರಿ ಇವುಗಳ ಪಾಲೆಷ್ಟು?

ಈ ಪ್ರಶ್ನೆಗಳಿಗೆ ಕನ್ನಡ, ಮರಾಠಿ ಎಂಬ ಭೇದವಿಲ್ಲ. ದನಕರು ಹೊಡೆದುಕೊಂಡು ಊರು ಬಿಟ್ಟು ಹೋಗುವ ಪಾಳಿ ಎರಡೂ ಕಡೆಯವರಿಗೂ ಬರುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಇದೇ ಕಾರಣ ಎಂದು ಮೇಜು ಕುಟ್ಟಿದಾಗ ಅಂಕಿ ಎಲ್ಲಿ ಎಂದು ಕೇಳೋಣ. ಟೊಂಗೆ ಮುರಿದದ್ದು ಕಾಗೆಯಿಂದಲೋ, ಒಳಗಿನ ಹುಳದಿಂದಲೋ ಎಂದು ತಿಳಿದ ಮೇಲೆ ಕೊಡಲಿ ಎತ್ತಿದರಾಯಿತು.