ಮನೆಮನೆಯಲ್ಲಿ ಪ್ರಾರ್ಥನೆಯ ದೀಪ ಬೆಳಗಿಸಿದ ಸಂತ ಜೋಸೆಫ್ ವಾಜ್

ಜನವರಿ 16 ಸಂತ ಜೋಸೆಫ್ ವಾಜರ ಹಬ್ಬದ ದಿನ. ಗೋವೆಯಲ್ಲಿ ಜನಿಸಿ, ನಮ್ಮ ಕರಾವಳಿಯಲ್ಲಿ ದುಡಿದು, ಸಿಂಹಳದಲ್ಲಿ ದೇಹವಿಟ್ಟ ಈ ಮಹನೀಯರನ್ನು ನಾವು ನಮ್ಮವರೆಂದೇ ಭಾವಿಸುತ್ತೇವೆ. ಗುರುಗಳಿಲ್ಲದ, ಬಹಿರಂಗವಾಗಿ ಬಲಿಪೂಜೆ ಅರ್ಪಿಸಲಾಗದ ಸಂಕಟದ ಕಾಲದಲ್ಲಿ ಸಾಮಾನ್ಯ ಕುಟುಂಬಗಳ ನಿತ್ಯಜೀವನದೊಳಗೆ ಪ್ರಾರ್ಥನೆಯನ್ನು ನೆಲೆಗೊಳಿಸಿದ್ದು ಅವರ ಬದುಕಿನ ಮಹತ್ಸಾಧನೆ.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದ ವಾಜರ ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಪಡೆದ ಅವರು ಮರುವರ್ಷವೇ ತಾನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ತಮ್ಮನ್ನು ಒಪ್ಪಿಸಿಕೊಂಡರು. 1681ರಲ್ಲಿ ಅವರನ್ನು ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ. ಕ್ರೈಸ್ತ ಸಮುದಾಯವಾದರೋ ಪೋರ್ಚುಗೀಸ್ ಅರಸರ ಪೋಷಣೆಯ ಅಧಿಕಾರ ಮತ್ತು ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರ ಅಧಿಕಾರ ಇವೆರಡರ ನಡುವಣ ತಿಕ್ಕಾಟದಲ್ಲಿ ಸಿಲುಕಿತ್ತು. ಈ ಕಲಹವನ್ನು ವಾಜರು ತಾಳ್ಮೆಯಿಂದ ಎದುರಿಸಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಕಡೆ ಸಂಚರಿಸಿ ಸಂಸ್ಕಾರಗಳನ್ನು ನೀಡಿದರು. ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. 1684ರಲ್ಲಿ ಗೋವೆಗೆ ಮರಳಿದ ಬಳಿಕ ಅಲ್ಲಿನ ಒರೆಟರಿ ಸಭೆಗೆ ಭದ್ರ ಬುನಾದಿ ಹಾಕಿದರು.

ಆದರೆ ಅವರ ಹೃದಯ ಸಿಂಹಳಕ್ಕಾಗಿ ತುಡಿಯುತ್ತಿತ್ತು. 1658ರಲ್ಲಿ ಜಾಫ್ನವನ್ನು ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. ಗುರುಗಳಿಗೆ ಆಶ್ರಯ ನೀಡುವುದು ಮರಣದಂಡನೆಗೆ ಗುರಿಯಾಗುವ ಅಪರಾಧವಾಗಿತ್ತು. ಸುಮಾರು ಮೂವತ್ತು ವರ್ಷಗಳ ಕಾಲ ಅಲ್ಲಿನ ವಿಶ್ವಾಸಿಗಳು ಕುರುಬನಿಲ್ಲದ ಮಂದೆಯಂತಿದ್ದರು. ಒಂದಿಡೀ ತಲೆಮಾರು ಬಲಿಪೂಜೆಯನ್ನು ಕಾಣದೆಯೇ ಬೆಳೆಯಿತು.

1687ರಲ್ಲಿ ವಾಜರು ಬಡ ಕೂಲಿಯಾಳಿನ ವೇಷದಲ್ಲಿ ತೂತುಕುಡಿಯಿಂದ ಹಡಗನ್ನೇರಿ ಜಾಫ್ನ ತಲುಪಿದರು. ಇಳಿದೊಡನೆ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋದರು. ಚೇತರಿಸಿಕೊಂಡ ಮೇಲೆ ಕೊರಳಿಗೆ ಜಪಸರ ಧರಿಸಿ ಮನೆಯಿಂದ ಮನೆಗೆ ಭಿಕ್ಷೆ ಬೇಡುತ್ತಾ ನಡೆದರು. ಯಾರ ಕಣ್ಣು ಆ ಜಪಸರದ ಮೇಲೆ ಭಕ್ತಿಯಿಂದ ನಿಲ್ಲುವುದೋ ಅವರೇ ತಮ್ಮವರೆಂದು ಗುರುತಿಸುವುದು ಅವರ ಉಪಾಯವಾಗಿತ್ತು. ಹೀಗೆ ಒಂದೊಂದೇ ಕುಟುಂಬವನ್ನು ಹುಡುಕಿ, ಸಿಲ್ಲಾಲೆ ಎಂಬ ಹಳ್ಳಿಯನ್ನು ನೆಲೆಯಾಗಿಸಿಕೊಂಡರು. ಹಗಲು ಅಡಗಿದ್ದು, ರಾತ್ರಿ ಪಾಪನಿವೇದನೆ ಕೇಳಿ, ಬಲಿಪೂಜೆ ಅರ್ಪಿಸುತ್ತಿದ್ದರು.

ದ್ವೀಪ ದೊಡ್ಡದು, ಗುರು ಒಬ್ಬರೇ. ಹಳ್ಳಿಯೊಂದಕ್ಕೆ ಅವರು ಮತ್ತೆ ಬರುವುದು ಯಾವಾಗಲೋ. ಉಳಿದೆಲ್ಲ ದಿನಗಳಲ್ಲಿ ವಿಶ್ವಾಸ ಬದುಕಿ ಉಳಿಯುವುದು ಹೇಗೆ? ವಾಜರು ಇದಕ್ಕೆ ಸರಳವಾದ ಮಾರ್ಗ ಕಂಡುಕೊಂಡರು. ತಾವೇ ತಮಿಳು ಹಾಗೂ ಸಿಂಹಳ ಭಾಷೆಗಳನ್ನು ಕಲಿತು, ಆ ಭಾಷೆಗಳಲ್ಲಿಯೇ ಪ್ರಾರ್ಥನೆಗಳನ್ನು ಕಲಿಸಿದರು. ಮೂಪ್ಪ, ಅಣ್ಣಾವಿ ಎಂದು ಕರೆಯಲಾಗುತ್ತಿದ್ದ ಗೃಹಸ್ಥರಿಗೆ ಊರವರನ್ನು ಒಟ್ಟುಗೂಡಿಸಿ ಪ್ರಾರ್ಥನೆ ನಡೆಸುವ, ಮಕ್ಕಳಿಗೆ ಧರ್ಮೋಪದೇಶ ನೀಡುವ ಹೊಣೆ ವಹಿಸಿದರು. ಜಪಸರ, ಶಿಲುಬೆಯ ಹಾದಿ ಮುಂತಾದ ಭಕ್ತಿಕ್ರಿಯೆಗಳು ಬೆಸ್ತರ, ರೈತರ ಮನೆಗಳ ದಿನಚರಿಯಲ್ಲಿ ಸೇರಿಹೋದವು.

1689ರ ಕ್ರಿಸ್ತಜಯಂತಿಯ ರಾತ್ರಿ ಡಚ್ಚರ ದಾಳಿ ನಡೆದು ಅನೇಕರು ಸೆರೆಯಾದರು. ಪಾರಾದ ವಾಜರು ಪುತ್ತಳಂ ಮಾರ್ಗವಾಗಿ 1692ರಲ್ಲಿ ಬೌದ್ಧ ಅರಸನ ಕ್ಯಾಂಡಿಯನ್ನು ಸೇರಿದರು. ಅಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಸೆರೆಮನೆಯೇ ಅವರಿಗೆ ಪ್ರಾರ್ಥನಾಮಂದಿರವಾಯಿತು, ಸಿಂಹಳ ಭಾಷೆಯ ಪಾಠಶಾಲೆಯೂ ಆಯಿತು. ಮುಂದೆ ಭೀಕರ ಬರಗಾಲದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದು ಸಿಂಹಳದ ಕ್ರೈಸ್ತರು ಇಂದಿಗೂ ಸ್ಮರಿಸುತ್ತಾರೆ. ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ಸ್ವಾತಂತ್ರ್ಯವಿತ್ತು ಗೌರವಿಸಿದನು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರೋಗಿಗಳನ್ನು ಸ್ವಂತ ಮನೆಯವರೇ ಕಾಡಿನಲ್ಲಿ ಬಿಟ್ಟು ಹೋಗುತ್ತಿದ್ದಾಗ ವಾಜರು ಗೋವೆಯಿಂದ ಬಂದಿದ್ದ ತಮ್ಮ ಸೋದರಳಿಯ, ಗುರು ಜೋಸೆಫ್ ಕಾರ್ವಾಲೊರವರೊಡನೆ ಅವರ ಬಳಿಗೆ ಧಾವಿಸಿದರು. ಗುಡಿಸಲು ಕಟ್ಟಿ, ಗಾಯ ತೊಳೆದು, ಉಣಬಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧ, ಕ್ರೈಸ್ತ ಎಂಬ ಭೇದವೆಣಿಸಲಿಲ್ಲ. ಅವರ ಪ್ರಾರ್ಥನೆ ಸೇವೆಯಾಗಿ ಫಲಿಸಿದ್ದು ಇಲ್ಲಿಯೇ.

1705ರಲ್ಲಿ ಬಂದ ಗುರು ಜಾಕೊಮೆ ಗೊನ್ಸಾಲ್ವೆಸರು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿ ಈ ಕಾರ್ಯವನ್ನು ಬಲಪಡಿಸಿದರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದರೂ ವಾಜರು ಒಪ್ಪಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ಪ್ರಭುವಿನಲ್ಲಿ ಐಕ್ಯರಾದರು. 1995ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ಅವರನ್ನು ಪುನೀತ ಪದವಿಗೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಸಂತ ಪದವಿಗೂ ಏರಿಸಿದರು. ಎರಡೂ ವಿಧಿಗಳು ಕೊಲಂಬೊದಲ್ಲಿಯೇ ನೆರವೇರಿದವು.

2020ರ ಮಹಾಮಾರಿಯ ದಿನಗಳಲ್ಲಿ ನಮ್ಮ ದೇವಾಲಯಗಳ ಬಾಗಿಲು ಮುಚ್ಚಿದಾಗ ನಾವು ಎಷ್ಟೊಂದು ಕಳವಳಗೊಂಡೆವು! ಸಂಜೆಯ ತೇರ್ಸ್ ತಪ್ಪದ ಮನೆಗಳಿಗೆ ಆ ದಿನಗಳಲ್ಲಿ ಒಂದು ಆಸರೆಯಿತ್ತು. ಅದನ್ನು ಎಂದೋ ಕೈಬಿಟ್ಟಿದ್ದ ಮನೆಗಳು ಹೊಸದಾಗಿ ಕಲಿಯಬೇಕಾಯಿತು. ಸಂಕಟ ಬಂದಮೇಲೆ ಪ್ರಾರ್ಥನೆಯನ್ನು ಹುಡುಕುವುದು ಕಷ್ಟ; ನೆಮ್ಮದಿಯ ದಿನಗಳಲ್ಲಿಯೇ ಅದು ರೂಢಿಯಾಗಬೇಕು. ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗುವ ನಾವು, ಮರಳಿ ಬಂದ ಸಂಜೆಯೇ ಮನೆಮಂದಿಯೆಲ್ಲ ಒಂದಾಗಿ ಜಪಸರ ಹಿಡಿದರೆ ಅದೇ ಈ ಸಂತರಿಗೆ ನಾವು ಸಲ್ಲಿಸುವ ನಿಜವಾದ ಗೌರವ.