ಗಿಲ್ ಹಾಡ್ಜಸ್: ತಡವಾಗಿ ತೆರೆದ ಬಾಗಿಲು

ಕ್ರಿಕೆಟ್ ಆಟವನ್ನು ಅರಿಯದ ವಿದ್ಯಾರ್ಥಿ ನಮ್ಮಲ್ಲಿ ಇರಲಾರ. ಅಮೇರಿಕದ ಮಕ್ಕಳಿಗೆ ಬೇಸ್‌ಬಾಲ್ ಹಾಗೆ. ಅಲ್ಲಿಯೂ ಒಬ್ಬ ಚೆಂಡೆಸೆಯುತ್ತಾನೆ, ಇನ್ನೊಬ್ಬ ದಾಂಡಿನಿಂದ ಹೊಡೆಯುತ್ತಾನೆ. ಚೆಂಡು ಬೇಲಿ ದಾಟಿದರೆ ಅದು ಹೋಮ್ ರನ್. ನಮ್ಮ ಸಿಕ್ಸರ್ ಇದ್ದಂತೆ. ಆ ಆಟದ ಮಹಾಪಟುಗಳ ಗೌರವಕ್ಕಾಗಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಚಿಕ್ಕ ಊರಿನಲ್ಲಿ 1939ರಲ್ಲಿ ಒಂದು ಕೀರ್ತಿಮಂದಿರ ತೆರೆಯಿತು. ಅದರ ಗೋಡೆಯ ಮೇಲೆ ಕಂಚಿನ ಫಲಕವಾಗುವುದೇ ಅಲ್ಲಿನ ಆಟಗಾರನಿಗೆ ದೊರೆಯುವ ಅತ್ಯುನ್ನತ ಮನ್ನಣೆ. ಆ ಬಾಗಿಲು ತೆರೆಯಲು ಅರ್ಧ ಶತಮಾನ ಕಾಯಬೇಕಾದ ಒಬ್ಬ ಸಜ್ಜನನ ಕಥೆಯನ್ನು ಇಲ್ಲಿ ಹೇಳುತ್ತೇವೆ.

ಗಿಲ್ ಹಾಡ್ಜಸ್ 1924ರ ಏಪ್ರಿಲ್ 4ರಂದು ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್ ಎಂಬಲ್ಲಿ ಜನಿಸಿದರು. ತಂದೆ ಕಲ್ಲಿದ್ದಲ ಗಣಿಯ ಕಾರ್ಮಿಕ. ತನ್ನ ಮಕ್ಕಳು ಆ ಕತ್ತಲೆಗೆ ಇಳಿಯಬಾರದೆಂಬುದು ಆತನ ಹಂಬಲವಾಗಿತ್ತು. ಆಟದಲ್ಲಿ ಚುರುಕಾಗಿದ್ದ ಗಿಲ್ 1943ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು ಸೇರಿದರು. ಆ ವರ್ಷ ಆಡಿದ್ದು ಒಂದೇ ಪಂದ್ಯ. ಮುಂದೆ ಎರಡನೆಯ ಮಹಾಯುದ್ಧ ಅವರನ್ನು ಒಕಿನಾವಾ ದ್ವೀಪಕ್ಕೆ ಕೊಂಡೊಯ್ದಿತು. ಅಲ್ಲಿನ ಸೇವೆಗಾಗಿ ಬ್ರಾಂಜ್ ಸ್ಟಾರ್ ಪದಕವೂ ದೊರೆಯಿತು.

ಯುದ್ಧ ಮುಗಿಸಿ ಬಂದ ಹಾಡ್ಜಸ್ 1947ರಲ್ಲಿ ಮತ್ತೆ ಬ್ರೂಕ್ಲಿನ್ನಿನ ಅಂಗಳಕ್ಕಿಳಿದರು. ಕರಿಯರಿಗೆ ಮುಚ್ಚಿದ್ದ ಆ ದೊಡ್ಡ ಆಟದ ಬಾಗಿಲನ್ನು ಜಾಕಿ ರಾಬಿನ್ಸನ್ ತೆರೆದದ್ದು ಅದೇ ವರ್ಷ, ಅದೇ ತಂಡದಲ್ಲಿ. ಹಾಡ್ಜಸ್ ಆಗ ದಾಂಡಿಗನ ಹಿಂದೆ ನಿಂತು ಚೆಂಡು ಹಿಡಿಯುತ್ತಿದ್ದರು. 1948ರಲ್ಲಿ ಆ ಸ್ಥಾನಕ್ಕೆ ರಾಯ್ ಕ್ಯಾಂಪನೆಲ್ಲಾ ಬಂದಾಗ ಇವರು ಗೊಣಗದೆ ಮೊದಲನೆಯ ಬೇಸಿಗೆ ಸರಿದರು. ಹೊಸ ಕೆಲಸವನ್ನು ಎಷ್ಟು ಚೆನ್ನಾಗಿ ಕಲಿತರೆಂದರೆ, ಉತ್ತಮ ಕ್ಷೇತ್ರರಕ್ಷಕರಿಗೆ 1957ರಲ್ಲಿ ಗೋಲ್ಡ್ ಗ್ಲೋವ್ ಪ್ರಶಸ್ತಿ ಆರಂಭವಾದಾಗ ಮೊದಲ ಮೂರು ವರ್ಷವೂ ಅದು ಇವರ ಪಾಲಾಯಿತು.

ಬ್ಯಾಟಿಂಗಿನಲ್ಲಿಯೂ ಅವರು ಹಿಂದೆ ಬೀಳಲಿಲ್ಲ. 1950ರ ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದರು. ಆದರೆ ಬಿಸಿಲಿದ್ದಲ್ಲಿ ನೆರಳೂ ಇರುತ್ತದೆ. 1952ರ ವಿಶ್ವ ಸರಣಿಯಲ್ಲಿ 21 ಸಲ ದಾಂಡು ಹಿಡಿದರೂ ಒಂದು ಹೊಡೆತವೂ ಫಲಿಸಲಿಲ್ಲ. ಮರುವರ್ಷದ ಆರಂಭವೂ ಹಾಗೆಯೇ. ಬ್ರೂಕ್ಲಿನ್ನಿನ ಜನ ಅವರನ್ನು ಹೀಯಾಳಿಸಲಿಲ್ಲ. ಧೈರ್ಯ ಹೇಳಿ ಪತ್ರ ಬರೆದರು. ಪಾದ್ರಿಯೊಬ್ಬರು ಸೆಖೆಯ ದಿನ ಉಪದೇಶವನ್ನು ಕೈಬಿಟ್ಟು, ಹಾಡ್ಜಸ್‌ಗಾಗಿ ಪ್ರಾರ್ಥಿಸಿರೆಂದು ಹೇಳಿ ಜನರನ್ನು ಮನೆಗೆ ಕಳುಹಿಸಿದರು. ಅವರು ಚೇತರಿಸಿಕೊಂಡು ಆ ವರ್ಷ 31 ಹೋಮ್ ರನ್ ಗಳಿಸಿದರು. 1955ರಲ್ಲಿ ಡಾಡ್ಜರ್ಸ್ ಮೊದಲ ಬಾರಿಗೆ ವಿಶ್ವ ಸರಣಿಯನ್ನು ಗೆದ್ದಾಗ, ಕೊನೆಯ ಪಂದ್ಯದ ಎರಡು ಓಟಗಳೂ ಇವರ ದಾಂಡಿನಿಂದಲೇ ಬಂದವು.

1963ರಲ್ಲಿ ಆಟ ನಿಲ್ಲಿಸಿದಾಗ ಅವರ ಲೆಕ್ಕದಲ್ಲಿ 370 ಹೋಮ್ ರನ್‌ಗಳಿದ್ದವು. ಮುಂದೆ ಅವರು ತಂಡಗಳನ್ನು ನಡೆಸತೊಡಗಿದರು. ನ್ಯೂಯಾರ್ಕ್ ಮೆಟ್ಸ್ ತಂಡ ಹುಟ್ಟಿದ ವರ್ಷವೇ, 1962ರಲ್ಲಿ, 120 ಪಂದ್ಯ ಸೋತು ನಗೆಪಾಟಲಾಗಿತ್ತು. 1968ರಲ್ಲಿ ಅದರ ಹೊಣೆ ಹಾಡ್ಜಸ್ ಹೆಗಲೇರಿತು. ಮರುವರ್ಷ ಒಂದು ಪಂದ್ಯದಲ್ಲಿ ಕ್ಲಿಯಾನ್ ಜೋನ್ಸ್ ಎಂಬ ಆಟಗಾರ ಚೆಂಡಿನ ಹಿಂದೆ ಸಾಕಷ್ಟು ವೇಗವಾಗಿ ಓಡಲಿಲ್ಲ. ಹಾಡ್ಜಸ್ ಕೂಗಾಡಲಿಲ್ಲ. ಮೈದಾನದುದ್ದಕ್ಕೂ ಮೆಲ್ಲನೆ ನಡೆದು ಹೋಗಿ ಆತನನ್ನು ಕರೆದುಕೊಂಡು ಬಂದರು. ತಂಡಕ್ಕೆ ಪಾಠ ಅರ್ಥವಾಯಿತು. ಆ ವರ್ಷ ಮೆಟ್ಸ್ 100 ಪಂದ್ಯ ಗೆದ್ದು ವಿಶ್ವ ಸರಣಿಯನ್ನೂ ಗೆದ್ದಿತು. ಕೊನೆಯ ಚೆಂಡನ್ನು ಹಿಡಿದು ಗೆಲುವನ್ನು ಪೂರ್ಣಗೊಳಿಸಿದವನು ಅದೇ ಜೋನ್ಸ್.

1972ರ ಏಪ್ರಿಲ್ 2ರಂದು, 48 ತುಂಬಲು ಎರಡೇ ದಿನ ಉಳಿದಿರುವಾಗ, ಹೃದಯಾಘಾತದಿಂದ ಹಾಡ್ಜಸ್ ತೀರಿಕೊಂಡರು.

ಇನ್ನು ಕೀರ್ತಿಮಂದಿರದ ಮಾತು. ಕ್ರೀಡಾ ಬರಹಗಾರರ ಮತಗಳಲ್ಲಿ ಶೇಕಡ 75 ಬಂದರೆ ಅಲ್ಲಿ ಪ್ರವೇಶ. 1969ರಿಂದ 1983ರವರೆಗೆ 15 ಸಲ ಹಾಡ್ಜಸ್ ಹೆಸರು ಬಂದಿತು, ಶೇಕಡ 63.4ರ ಮೇಲೆ ಏರಲಿಲ್ಲ. ವಿರೋಧಿಸಿದವರ ವಾದವನ್ನು ತಳ್ಳಿಹಾಕುವಂತಿಲ್ಲ. ಯಾವ ವರ್ಷವೂ ಹೋಮ್ ರನ್ ಗಳಿಕೆಯಲ್ಲಿ ಇವರು ಮೊದಲಿಗರಾಗಲಿಲ್ಲ. ವರ್ಷದ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯೂ ಬರಲಿಲ್ಲ. ಒಳ್ಳೆಯವರನ್ನೆಲ್ಲ ಒಳಗೆ ಬಿಟ್ಟರೆ ಅತ್ಯುತ್ತಮರ ಮನೆಗೆ ಬೆಲೆ ಏನುಳಿಯಿತು ಎಂದು ಅವರು ಕೇಳಿದರು.

ಬರಿಯ ಅಂಕಿಗಳನ್ನು ನೋಡಿದರೆ ನಾವೂ ಹಿಂಜರಿಯುತ್ತಿದ್ದೆವೇನೋ. ಆದರೆ ಆ ಮಂದಿರದ ನಿಯಮವೇ ಆಟದ ಜೊತೆಗೆ ಪ್ರಾಮಾಣಿಕತೆ, ನಡತೆ, ತಂಡಕ್ಕೆ ಸಲ್ಲಿಸಿದ ಸೇವೆ ಇವನ್ನೂ ತೂಗಬೇಕೆನ್ನುತ್ತದೆ. ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ತೂಕ ಹೇಳಬಹುದೇ? ದಾಂಡು, ಕ್ಷೇತ್ರರಕ್ಷಣೆ, ಸೋತ ತಂಡವನ್ನು ಎತ್ತಿ ನಿಲ್ಲಿಸಿದ ನಾಯಕತ್ವ, ಇವನ್ನು ಬಿಡಿಬಿಡಿಯಾಗಿ ನೋಡಿದರೆ ಹಾಡ್ಜಸ್ ಒಳ್ಳೆಯವರು. ಕೂಡಿಸಿ ನೋಡಿದರೆ ದೊಡ್ಡವರು. ಆದುದರಿಂದ ಅವರಿಗೆ ಆ ಗೌರವ ಸಲ್ಲತಕ್ಕದ್ದೇ ಎಂಬುದು ನಮ್ಮ ಅಭಿಪ್ರಾಯ.

2021ರ ಡಿಸೆಂಬರಿನಲ್ಲಿ 16 ಮಂದಿಯ ಸಮಿತಿಯೊಂದು ಮತ ಹಾಕಿತು. ಬೇಕಾದದ್ದು 12, ಬಂದದ್ದೂ ಸರಿಯಾಗಿ 12. 2022ರ ಜುಲೈ 24ರಂದು ಫಲಕ ಏರಿತು. 95 ದಾಟಿದ ಪತ್ನಿ ಜೋನ್ ಆ ದಿನವನ್ನು ಕಂಡರು. ಎರಡು ತಿಂಗಳೊಳಗೆ ಅವರೂ ಕಣ್ಮುಚ್ಚಿದರು. ಹಾಡ್ಜಸ್‌ಗೆ ಮಾತ್ರ ಇದಾವುದೂ ತಿಳಿಯಲಿಲ್ಲ.

ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಪಡೆಯುವವರು ಕೆಲವರೇ. ವರ್ಷವಿಡೀ ತಪ್ಪದೆ ಬಂದು, ಹೇಳಿದ ಕೆಲಸ ಮಾಡಿ, ಬಿದ್ದವರನ್ನು ಎಬ್ಬಿಸಿದ ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅಂಥವರಿದ್ದರೆ ಹಾಡ್ಜಸ್‌ರನ್ನು ನೆನೆಯಿರಿ. ಹೆತ್ತವರೂ ಅಧ್ಯಾಪಕರಾದ ನಾವೂ ಇನ್ನೊಂದನ್ನು ನೆನೆಯಬೇಕು: ಹೇಳಬೇಕಾದ ಮೆಚ್ಚುಗೆಯ ಮಾತನ್ನು ಅವರು ಕೇಳುವ ಹೊತ್ತಿಗೇ ಹೇಳಿಬಿಡೋಣ.