ಟಿ. ಎಂ. ಎ. ಪೈ

ಡಾ. ತೋನ್ಸೆ ಮಾಧವ ಅನಂತ ಪೈ (30 ಏಪ್ರಿಲ್ 1898 – 29 ಮೇ 1979) ವೈದ್ಯರು, ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು ಮತ್ತು ಮಣಿಪಾಲದ ಶಿಕ್ಷಣ ಸಂಸ್ಥೆಗಳ ನಿರ್ಮಾತೃ. ಕರಾವಳಿಯ ಯುವಜನರಿಗೆ ಬಂಡವಾಳ ಮತ್ತು ವೃತ್ತಿಶಿಕ್ಷಣ ಎರಡೂ ಊರಿನಲ್ಲೇ ದೊರೆಯುವಂತೆ ಶ್ರಮಿಸಿದವರು.

ಜನನ ಮತ್ತು ವಿದ್ಯಾಭ್ಯಾಸ

ಪೈಯವರು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯಕೀಯ ಪದವಿ ಪಡೆದು ಉಡುಪಿಯಲ್ಲಿ ವೃತ್ತಿ ಆರಂಭಿಸಿದರು. ಆಗ ಉಡುಪಿ, ಕುಂದಾಪುರಗಳು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದರು. ಉದ್ಯೋಗ ಅರಸಿ ಯುವಕರು ಮುಂಬಯಿ, ಮದರಾಸುಗಳಿಗೆ ಹೋಗುತ್ತಿದ್ದರು.

ಬ್ಯಾಂಕಿನ ಸ್ಥಾಪನೆ

ನೇಕಾರರಿಗೆ ಹಣಕಾಸಿನ ನೆರವು ಒದಗಿಸುವ ಉದ್ದೇಶದಿಂದ 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವರೊಡನೆ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸ್ಥಾಪಿಸಿದರು. ಅದರ ಆರಂಭಿಕ ಬಂಡವಾಳ 8,000 ರೂಪಾಯಿ. 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಜಾರಿಗೆ ಬಂದಿತು. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಮನೆ, ಅಂಗಡಿಗಳಿಗೆ ತೆರಳಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಇದರಿಂದ ಬಡವರಲ್ಲಿ ಉಳಿತಾಯ ಬೆಳೆಯಿತು. ಹಣ ಸಂಗ್ರಹಿಸುವ ಕೆಲಸವೇ ಅನೇಕರಿಗೆ ಜೀವನೋಪಾಯವಾಯಿತು.

ಶಿಕ್ಷಣ ಕ್ಷೇತ್ರ

ಓದಿಯೂ ಕೆಲಸ ಸಿಗದವರಿಗೆ ವೃತ್ತಿ ಕೌಶಲ ಕಲಿಸಲು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆರಂಭಿಸಿದರು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು (1949), ಕಸ್ತೂರ್ಬಾ ವೈದ್ಯಕೀಯ ಕಾಲೇಜು (1953), ಇಂಜಿನಿಯರಿಂಗ್ ಕಾಲೇಜು (1957) ಮತ್ತು ಕುಂದಾಪುರದ ಭಂಡಾರ್ಕರ್ಸ್ ಕಾಲೇಜು (1963) ಅಕಾಡೆಮಿಯ ಆಶ್ರಯದಲ್ಲಿ ತಲೆಯೆತ್ತಿದವು. ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಗಳಿಂದಲೇ ಬಂಡವಾಳ ಸಂಗ್ರಹಿಸಿದ ಕ್ರಮವು ಮುಂದೆ ಕ್ಯಾಪಿಟೇಶನ್ ಶುಲ್ಕವೆಂಬ ಟೀಕೆಗೆ ಗುರಿಯಾಯಿತು. ಬಡ ಪ್ರತಿಭಾವಂತರಿಗೆ ಇದು ಅಡ್ಡಿ ಎಂಬುದು ಟೀಕಾಕಾರರ ವಾದ. ಸರ್ಕಾರದ ಅನುದಾನಕ್ಕೆ ಕಾಯದೆ ಕಾಲೇಜು ಕಟ್ಟಲು ಇದೇ ದಾರಿ ಎಂಬುದು ಸಮರ್ಥಕರ ನಿಲುವು.

ಗೌರವ ಮತ್ತು ನಿಧನ

1972ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. 29 ಮೇ 1979ರಂದು ಪೈಯವರು ನಿಧನರಾದರು.

ನಂತರದ ಪ್ರಭಾವ

ಸಿಂಡಿಕೇಟ್ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡಿತ್ತು. ಅದು 1982ರಲ್ಲಿ ಕೆನರಾ ಬ್ಯಾಂಕ್ ಮತ್ತು ಧರ್ಮಸ್ಥಳದ ಶಿಕ್ಷಣ ಸಂಸ್ಥೆಯೊಡನೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿತು. ಇಲ್ಲಿ ನಿರುದ್ಯೋಗಿ ಯುವಜನರಿಗೆ ಊಟ, ವಸತಿಸಹಿತ ಉಚಿತ ಅಲ್ಪಾವಧಿ ತರಬೇತಿ ನೀಡಿ, ಬಳಿಕ ಬ್ಯಾಂಕ್ ಸಾಲ ಪಡೆಯಲು ಮಾರ್ಗದರ್ಶನ ಮಾಡಲಾಗುತ್ತದೆ. ಬ್ರಹ್ಮಾವರದಲ್ಲಿಯೂ ಇದರ ಕೇಂದ್ರವಿದೆ. ಇದೇ ಮಾದರಿಯಲ್ಲಿ ಜಿಲ್ಲೆಗೊಂದು ಸ್ವ ಉದ್ಯೋಗ ತರಬೇತಿ ಸಂಸ್ಥೆ ತೆರೆಯುವ ಯೋಜನೆಯನ್ನು ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಕೈಗೊಂಡಿತು. ಸಾಲ ಮತ್ತು ಕೌಶಲಗಳೆರಡನ್ನೂ ಯುವಜನರ ಬಳಿಗೆ ಒಯ್ಯುವ ಪೈಯವರ ಆಶಯ ಹೀಗೆ ಸರ್ಕಾರದ ನೀತಿಯಲ್ಲೂ ಸ್ಥಾನ ಪಡೆಯಿತು.